ಕೂಬರ್ ಪೀಡಿಗೆ ಹೋಗುವವರಿಗೆ: ಕಾಲ ಕೆಳಗಿನ ಊರನ್ನು ನೋಡುವ ಬಗೆ

ದಕ್ಷಿಣ ಆಸ್ಟ್ರೇಲಿಯಾದ ಒಳನಾಡಿನ ಮರುಭೂಮಿಯಲ್ಲಿ, ಅಡಿಲೇಡ್ ನಗರದಿಂದ 846 ಕಿಲೋಮೀಟರ್ ಉತ್ತರಕ್ಕೆ, ಕೂಬರ್ ಪೀಡಿ ಎಂಬ ಗಣಿ ಊರಿದೆ. ದೂರದಿಂದ ನೋಡಿದವರಿಗೆ ಅದು ಊರೆಂದೇ ತಿಳಿಯುವುದಿಲ್ಲ. ಹೆದ್ದಾರಿಯ ಎರಡೂ ಬದಿಗೆ ಬಿಳಿ ಮತ್ತು ನಸುಗೆಂಪು ಮಣ್ಣಿನ ಗುಪ್ಪೆಗಳು, ಹೆಗ್ಗಣಗಳ ದೊಡ್ಡ ಸೈನ್ಯವೊಂದು ರಾತ್ರಿಯಿಡೀ ತೋಡಿ ಹೋದಂತೆ, ಕಣ್ಣು ಹಾಯುವಷ್ಟು ದೂರ ಹರಡಿಕೊಂಡಿವೆ. ಹೆಚ್ಚುಕಡಿಮೆ ಪ್ರತಿ ಗುಪ್ಪೆಯ ಪಕ್ಕದಲ್ಲೂ ಒಂದು ಕುಣಿ. ಆ ಕುಣಿಗಳ ತಳದಿಂದ ಬಂದದ್ದು ಓಪಲ್, ಒಂದೇ ಕಲ್ಲಿನಲ್ಲಿ ಕಾಮನಬಿಲ್ಲಿನ ಎಲ್ಲ ಬಣ್ಣಗಳನ್ನೂ ಇಟ್ಟುಕೊಂಡ ರತ್ನ.

1915ರ ಫೆಬ್ರುವರಿ 1ರಂದು ಇದನ್ನು ಮೊದಲು ಕಂಡವನು ವಿಲ್ಲಿ ಹಚಿಸನ್ ಎಂಬ ಹದಿನಾಲ್ಕು ವರ್ಷದ ಹುಡುಗ. ಚಿನ್ನ ಹುಡುಕುತ್ತ ಬಂದ ಅಪ್ಪನ ತಂಡದ ಜೊತೆ ಅವನೂ ಇದ್ದ. ನೀರಿಗಾಗಿ ಅಲೆಯುತ್ತಿದ್ದವನಿಗೆ ನೆಲದ ಮೇಲೆ ಓಪಲ್ ಚೂರುಗಳು ಸಿಕ್ಕವು. 1920ರಲ್ಲಿ ಊರಿಗೆ ಈಗಿನ ಹೆಸರು ಬಂತು. ಮೂಲನಿವಾಸಿಗಳ 'ಕೂಪ ಪಿತಿ' ಎಂಬ ಮಾತಿನಿಂದ ಹುಟ್ಟಿದ ಈ ಹೆಸರಿಗೆ ಸಾಮಾನ್ಯವಾಗಿ ಹೇಳುವ ಅರ್ಥ 'ಬಿಳಿಯನ ಬಿಲ'. ಎರಡು ಸಾವಿರಕ್ಕೂ ಕಡಿಮೆ ಜನರಿರುವ ಈ ಊರಿನಲ್ಲಿ ಸುಮಾರು ಅರ್ಧದಷ್ಟು ಮಂದಿ ಇಂದಿಗೂ ನೆಲದೊಳಗೆ ಕೊರೆದ ಮನೆಗಳಲ್ಲೇ ಬಾಳುತ್ತಿರುವುದರಿಂದ ಆ ಹೆಸರು ಸುಳ್ಳಾಗಿಲ್ಲ.

ಅಡಿಲೇಡ್‌ನಿಂದ ಉಲುರು ಬಂಡೆಯ ಕಡೆಗೆ ಹೋಗುವ ಬಹಳಷ್ಟು ಪ್ರವಾಸಿಗರು ಇಲ್ಲಿ ಪೆಟ್ರೋಲ್ ತುಂಬಿಸಿ, ಒಂದೆರಡು ಗಂಟೆ ಸುತ್ತಾಡಿ, 'ಬರೀ ಧೂಳು' ಎಂದು ಹೊರಟುಬಿಡುತ್ತಾರೆ. ಇದು ನನಗೆ ನಿಜವಾಗಿಯೂ ಬೇಸರ ತರಿಸುತ್ತದೆ. ಈ ಊರಿನ ಸೊಗಸೂ ಅಪಾಯವೂ ಇರುವುದು ನೆಲದಲ್ಲಿ ಮತ್ತು ನೆಲದೊಳಗೆ. ಅದು ಕಾಣಬೇಕಾದರೆ ನಡಿಗೆ ನಿಧಾನವಾಗಬೇಕು, ಕಣ್ಣು ಕೆಳಗಿರಬೇಕು, ಕನಿಷ್ಠ ಎರಡು ರಾತ್ರಿ ಉಳಿಯಬೇಕು. ಹಾಗೆ ಉಳಿಯಲು ಮನಸ್ಸು ಮಾಡಿದವರಿಗಾಗಿ ಈ ಲೇಖನ.

ಮೊದಲು ತಿಂಗಳು ಗೊತ್ತುಮಾಡಿಕೊಳ್ಳಿ

ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಹೋಗಿ. ನಮ್ಮಲ್ಲಿ ಮಳೆಗಾಲವಾಗಿರುವಾಗ ಅಲ್ಲಿ ಚಳಿಗಾಲ. ಜುಲೈನಲ್ಲಿ ಹಗಲು 18–20 ಡಿಗ್ರಿ ಸೆಲ್ಸಿಯಸ್ ಇರುತ್ತದೆ, ರಾತ್ರಿ ಐದಾರು ಡಿಗ್ರಿಗೆ ಇಳಿಯುತ್ತದೆ. ಒಳ್ಳೆಯ ಸ್ವೆಟರ್ ಬೇಕೇ ಬೇಕು. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ 40 ಡಿಗ್ರಿ ದಾಟುವುದು ಮಾಮೂಲು, 45ರ ಮೇಲೆ ಹೋಗುವ ದಿನಗಳೂ ಇವೆ. ನಮ್ಮ ಮಕ್ಕಳಿಗೆ ಬೇಸಿಗೆ ರಜೆ ಸಿಗುವ ಏಪ್ರಿಲ್ ಕೊನೆಯ ವಾರ ಹೋದರೂ ಅಡ್ಡಿಯಿಲ್ಲ. ಆಗ ಬಿಸಿಲು ತಗ್ಗಿರುತ್ತದೆ. ಆದರೆ ಮುಖಕ್ಕೆ ಮುತ್ತುವ ನೊಣಗಳು ಇನ್ನೂ ಇರಬಹುದು. ಟೊಪ್ಪಿಗೆಯ ಮೇಲಿಂದ ಇಳಿಬಿಡುವ ಬಲೆ ಅಲ್ಲಿನ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುತ್ತದೆ. ಸಂಕೋಚಪಡದೆ ಕೊಂಡು ಹಾಕಿಕೊಳ್ಳಿ.

ದಾರಿ

ಬೆಂಗಳೂರಿನಿಂದ ಅಡಿಲೇಡ್‌ಗೆ ನೇರ ವಿಮಾನವಿಲ್ಲ. ಸಿಂಗಪುರ ಅಥವಾ ಕೌಲಾಲಂಪುರದಲ್ಲಿ ಬದಲಿಸಿ ಹೋಗುವುದು ರೂಢಿ. ಭಾರತದ ಪಾಸ್‌ಪೋರ್ಟ್ ಉಳ್ಳವರು ಪ್ರವಾಸಿ ವೀಸಾವನ್ನು ಮೊದಲೇ ಪಡೆದಿರಬೇಕು. ಸಿಡ್ನಿ, ಮೆಲ್ಬರ್ನ್, ಅಡಿಲೇಡ್‌ಗಳಲ್ಲಿ ನೆಲೆಸಿದ ಕನ್ನಡಿಗರ ಮನೆಗೆ ಹೋಗುವ ತಂದೆ ತಾಯಿಯರು ಎರಡು ಮೂರು ತಿಂಗಳು ಅಲ್ಲಿಯೇ ಇರುತ್ತಾರೆ. ಅಂಥವರಿಗೆ ಈ ಪ್ರವಾಸ ಇನ್ನೂ ಸುಲಭ.

ಅಡಿಲೇಡ್‌ನಿಂದ ಮುಂದಕ್ಕೆ ಹಲವು ದಾರಿಗಳಿವೆ. ಸಣ್ಣ ವಿಮಾನದಲ್ಲಿ ಹೋದರೆ ಎರಡು ಗಂಟೆ. ಸಂಜೆ ಹೊರಡುವ ದೂರಪ್ರಯಾಣದ ಬಸ್ ಹಿಡಿದರೆ ಸುಮಾರು ಹನ್ನೊಂದು ಗಂಟೆ ಪಯಣಿಸಿ ಬೆಳಗಿನ ಜಾವ ಇಳಿಯಬೇಕು. ಇಳಿದಾಗ ಊರು ಇನ್ನೂ ಮಲಗಿರುತ್ತದೆ. ಹಾಗಾಗಿ ಹೋಟೆಲಿನವರಿಗೆ ಮೊದಲೇ ತಿಳಿಸಿಡಿ. ಡಾರ್ವಿನ್‌ನಿಂದ ಅಡಿಲೇಡ್‌ಗೆ ಬರುವ 'ಘಾನ್' ಎಂಬ ಪ್ರಸಿದ್ಧ ರೈಲು ಮಂಗುರಿ ಎಂಬಲ್ಲಿ ನಿಂತು ಪ್ರಯಾಣಿಕರನ್ನು ಒಂದು ಹಗಲು ಕೂಬರ್ ಪೀಡಿಗೆ ಕರೆತರುತ್ತದೆ. ಮಂಗುರಿ ಇರುವುದು ಕೂಬರ್ ಪೀಡಿಯಿಂದ 40 ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ. ಅದು ಐಷಾರಾಮಿ ರೈಲು, ದುಬಾರಿ. ಮೇಲಾಗಿ ಒಂದು ಹಗಲಿನಲ್ಲಿ ಈ ಊರು ದಕ್ಕುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ನಾನು ಹೇಳುವುದು ಕಾರು. ಆಸ್ಟ್ರೇಲಿಯಾದಲ್ಲಿಯೂ ವಾಹನಗಳು ರಸ್ತೆಯ ಎಡಗಡೆಯೇ ಹೋಗುತ್ತವೆ, ಚಾಲಕನ ಆಸನ ಬಲಕ್ಕಿರುತ್ತದೆ. ಕರ್ನಾಟಕದ ಚಾಲನಾ ಪರವಾನಗಿಯಲ್ಲಿ ವಿವರಗಳು ಇಂಗ್ಲಿಷ್‌ನಲ್ಲಿ ಇರುವುದರಿಂದ ಪ್ರವಾಸಿಗರಾಗಿ ಅದನ್ನೇ ಬಳಸಬಹುದು. ಬಾಡಿಗೆ ಕಾರಿನವರಿಗೆ ತೋರಿಸಲು ಅಂತರರಾಷ್ಟ್ರೀಯ ಪರವಾನಗಿಯೂ ಇದ್ದರೆ ಮಾತು ಬೇಗ ಮುಗಿಯುತ್ತದೆ. ಕರಾರುಪತ್ರಕ್ಕೆ ಸಹಿ ಹಾಕುವ ಮುನ್ನ ಎರಡು ಸಾಲುಗಳನ್ನು ಹುಡುಕಿ ಓದಿ: ಊರಾಚೆ ರಾತ್ರಿ ಹೊತ್ತು ಕಾರು ಓಡಿಸಿದರೆ ವಿಮೆ ಸಿಗುತ್ತದೆಯೇ? ಮಣ್ಣುರಸ್ತೆಯಲ್ಲಿ ಓಡಿಸಬಹುದೇ? ಅನೇಕ ಕರಾರುಗಳಲ್ಲಿ ಎರಡಕ್ಕೂ 'ಇಲ್ಲ' ಎಂದಿರುತ್ತದೆ.

ಅಡಿಲೇಡ್‌ನಿಂದ ಪೋರ್ಟ್ ಆಗಸ್ಟಾಗೆ ಸುಮಾರು 310 ಕಿಲೋಮೀಟರ್. ಮೊದಲ ರಾತ್ರಿ ಅಲ್ಲೇ ಉಳಿಯಿರಿ. ದಾರಿಯಲ್ಲಿ ದೊಡ್ಡ ಅಂಗಡಿಗಳಿರುವ ಕೊನೆಯ ಪಟ್ಟಣ ಅದು. ಮರುದಿನ ಬೆಳಕು ಚೆನ್ನಾಗಿ ಹರಿದ ಮೇಲೆ ಸ್ಟುವರ್ಟ್ ಹೆದ್ದಾರಿ ಹಿಡಿದರೆ ಪಿಂಬಾ ಸುಮಾರು 175 ಕಿಲೋಮೀಟರ್, ಅಲ್ಲಿಂದ ಗ್ಲೆಂಡಾಂಬೊ ನೂರು ಚಿಲ್ಲರೆ. ಗ್ಲೆಂಡಾಂಬೊದಿಂದ ಕೂಬರ್ ಪೀಡಿಗೆ 250 ಕಿಲೋಮೀಟರಿಗೂ ಹೆಚ್ಚು ದೂರವಿದ್ದು, ನಡುವೆ ಪೆಟ್ರೋಲ್ ಇಲ್ಲ, ಅಂಗಡಿ ಇಲ್ಲ, ಮನೆ ಇಲ್ಲ, ಬಹುಪಾಲು ಮೊಬೈಲ್ ಸಂಪರ್ಕವೂ ಇಲ್ಲ. ಟ್ಯಾಂಕ್ ಅರ್ಧ ತುಂಬಿದ್ದರೂ ಪ್ರತಿ ಬಂಕಿನಲ್ಲಿ ಮತ್ತೆ ತುಂಬಿಸಿ. ಪಿಂಬಾ ಮತ್ತು ಗ್ಲೆಂಡಾಂಬೊ ನಡುವೆ ಹಾರ್ಟ್ ಎಂಬ ಉಪ್ಪಿನ ಸರೋವರ ರಸ್ತೆಯ ಪಕ್ಕದಲ್ಲೇ ಬೆಳ್ಳಗೆ ಹೊಳೆಯುತ್ತದೆ. ಹತ್ತು ನಿಮಿಷ ನಿಂತು ನೋಡಿ. ಆದರೆ ಈ ಸುತ್ತಿನ ವಿಶಾಲ ಪ್ರದೇಶ ವೂಮೆರಾ ಸೇನಾ ಪರೀಕ್ಷಾ ವಲಯಕ್ಕೆ ಸೇರಿದ್ದು. ಹೆದ್ದಾರಿ ಬಿಟ್ಟು ಒಳಗೆ ಹೋಗಬೇಡಿ.

ರಸ್ತೆ ನೇರವಾಗಿದೆ, ನುಣುಪಾಗಿದೆ, ವೇಗದ ಮಿತಿ ಗಂಟೆಗೆ 110 ಕಿಲೋಮೀಟರ್. ಅಪಾಯ ಬರುವುದೇ ಈ ಸಲೀಸಿನಿಂದ. ಕಣ್ಣು ಜೋಂಪು ಹತ್ತುತ್ತದೆ. ಎರಡು ಗಂಟೆಗೊಮ್ಮೆ ಇಳಿದು ನಡೆದಾಡಿ. ಮೂರು ನಾಲ್ಕು ಟ್ರೇಲರ್‌ಗಳನ್ನು ಎಳೆದುಕೊಂಡು ಬರುವ 'ರೋಡ್ ಟ್ರೇನ್' ಲಾರಿಗಳು ಐವತ್ತು ಮೀಟರಿಗೂ ಉದ್ದವಿರುತ್ತವೆ. ನಮ್ಮ ಹೆದ್ದಾರಿಯ ಲಾರಿಯನ್ನು ಹಿಂದೆ ಹಾಕಿದ ಲೆಕ್ಕದಲ್ಲಿ ಅದನ್ನು ಹಿಂದೆ ಹಾಕಲು ಹೊರಟರೆ ಎದುರು ವಾಹನ ಬಂದೇ ಬಿಟ್ಟಿರುತ್ತದೆ. ಮುಂದೆ ಒಂದೆರಡು ಕಿಲೋಮೀಟರ್ ರಸ್ತೆ ಖಾಲಿ ಕಂಡಾಗ ಮಾತ್ರ ಮುನ್ನುಗ್ಗಿ. ಮುಂಜಾನೆ ಮತ್ತು ಮುಸ್ಸಂಜೆ ಕಾಂಗರೂ, ಎಮು ಹಕ್ಕಿಗಳು ರಸ್ತೆಗೆ ನುಗ್ಗುತ್ತವೆ. ಸತ್ತ ಕಾಂಗರೂವಿನ ಮೇಲೆ ಎರಗಿದ ದೊಡ್ಡ ಹದ್ದು ಕಾರು ಹತ್ತಿರ ಬಂದರೂ ಬೇಗ ಮೇಲೇಳಲಾರದು, ದೂರದಲ್ಲಿ ಕಂಡ ಕೂಡಲೇ ವೇಗ ತಗ್ಗಿಸಿ. ಸಂಜೆ ಐದರೊಳಗೆ ಊರು ಸೇರುವಂತೆ ಲೆಕ್ಕ ಹಾಕಿಕೊಳ್ಳಿ.

ಕಾರು ಕೆಟ್ಟರೆ ಒಂದೇ ನಿಯಮ. ಕಾರನ್ನು ಬಿಟ್ಟು ನಡೆದು ಹೋಗಬೇಡಿ. ಹುಡುಕುವವರಿಗೆ ಕಾರು ಕಾಣುತ್ತದೆ, ಮರುಭೂಮಿಯಲ್ಲಿ ನಡೆಯುವ ಮನುಷ್ಯ ಕಾಣುವುದಿಲ್ಲ. ತಲೆಗೆ ದಿನಕ್ಕೆ ಐದು ಲೀಟರಿನಂತೆ ಎರಡು ದಿನದ ನೀರು ಕಾರಿನಲ್ಲಿ ಇರಲಿ. ತುರ್ತು ಸಂಖ್ಯೆ 000.

ಬುತ್ತಿ ಕಟ್ಟುವಾಗ

ಸಸ್ಯಾಹಾರಿಗಳಿಗೆ ದಾರಿಯ ಹೋಟೆಲುಗಳಲ್ಲಿ ಹುರಿದ ಆಲೂಗಡ್ಡೆ ಮತ್ತು ಚೀಸ್ ಹಾಕಿದ ಬ್ರೆಡ್ ಬಿಟ್ಟರೆ ಹೆಚ್ಚೇನೂ ಸಿಗುವುದಿಲ್ಲ. ಕೂಬರ್ ಪೀಡಿಯಲ್ಲಿ ಪಿಜ್ಜಾ ಉಂಟು, ಯುರೋಪಿನಿಂದ ಬಂದು ನೆಲೆಸಿದವರ ಅಡುಗೆ ಉಂಟು, ಒಂದು ಸೂಪರ್ ಮಾರ್ಕೆಟ್ಟೂ ಉಂಟು. ಅಡುಗೆಮನೆ ಇರುವ ಕೋಣೆ ಹಿಡಿದು, ಅಡಿಲೇಡ್‌ನ ಭಾರತೀಯ ಅಂಗಡಿಗಳಲ್ಲಿ ಅಕ್ಕಿ, ಬೇಳೆ, ಅವಲಕ್ಕಿ, ಉಪ್ಪಿನಕಾಯಿ ಕೊಂಡು ಹೋಗುವುದೇ ಜಾಣತನ. ಊರಿನಿಂದಲೇ ಚಟ್ನಿಪುಡಿ, ತುಪ್ಪ, ಹಾಲಿನ ಸಿಹಿ, ಕರಿಬೇವು ತರುವ ಆಸೆ ಇದ್ದವರಿಗೆ ಒಂದು ಮಾತು: ಆಸ್ಟ್ರೇಲಿಯಾದ ವಿಮಾನ ನಿಲ್ದಾಣಗಳಲ್ಲಿ ಆಹಾರ ತಪಾಸಣೆ ಬಹಳ ಬಿಗಿ. ತಂದದ್ದನ್ನೆಲ್ಲ ಆಗಮನ ಚೀಟಿಯಲ್ಲಿ ಬರೆದುಬಿಡಿ. ಬರೆದು ತೋರಿಸಿದರೆ ಹೆಚ್ಚೆಂದರೆ ಡಬ್ಬಿ ಹೋಗುತ್ತದೆ. ಬಚ್ಚಿಟ್ಟು ಸಿಕ್ಕಿಬಿದ್ದರೆ ದೊಡ್ಡ ದಂಡ ತೆರಬೇಕಾಗುತ್ತದೆ, ವೀಸಾಕ್ಕೇ ಕುತ್ತು ಬರಬಹುದು.

ಇಷ್ಟರ ಜೊತೆಗೆ ಬೆರಳು ಮುಚ್ಚುವ ಗಟ್ಟಿ ಬೂಟು, ಅಗಲ ಅಂಚಿನ ಟೊಪ್ಪಿಗೆ, ಸಣ್ಣ ಟಾರ್ಚು, ಕೈಗವಸು, ಒಂದು ಚಿಕ್ಕ ಕೈಗುದ್ದಲಿ, ಅಡುಗೆಮನೆಯ ಜರಡಿ, ನೀರು ಚಿಮುಕಿಸುವ ಬಾಟಲಿ ಇಟ್ಟುಕೊಳ್ಳಿ. ಕೊನೆಯ ಮೂರರ ಕೆಲಸ ಮುಂದೆ ಬರುತ್ತದೆ.

ನೆಲದೊಳಗೆ ಮಲಗಿ

ಇಲ್ಲಿಗೆ ಬಂದು ನೆಲದ ಮೇಲಿನ ಕೋಣೆಯಲ್ಲಿ ಮಲಗುವುದೆಂದರೆ ಉಡುಪಿಗೆ ಹೋಗಿ ಸಮುದ್ರ ನೋಡದೆ ಬಂದಂತೆ. 'ಡಗೌಟ್' ಎಂದು ಕರೆಯುವ ಈ ಮನೆಗಳ ರೂಢಿಯನ್ನು ತಂದವರು ಮೊದಲ ಮಹಾಯುದ್ಧದ ಕಂದಕಗಳಲ್ಲಿ ಬದುಕಿ ಮರಳಿದ ಸೈನಿಕರು ಎನ್ನುತ್ತಾರೆ. ಹೊರಗೆ 45 ಡಿಗ್ರಿ ಸುಡಲಿ, ಐದು ಡಿಗ್ರಿ ಕೊರೆಯಲಿ, ಒಳಗೆ ವರ್ಷವಿಡೀ 23ರಿಂದ 25 ಡಿಗ್ರಿ. ಫ್ಯಾನ್ ಬೇಡ, ಹೀಟರ್ ಬೇಡ.

ಮಂಡಿನೋವಿನ ಹಿರಿಯರು ಹೆದರಬೇಕಿಲ್ಲ. ಬಹುತೇಕ ಮನೆಗಳನ್ನು ಗುಡ್ಡದ ಬದಿಗೆ ಅಡ್ಡಲಾಗಿ ಕೊರೆದಿರುತ್ತಾರೆ. ಬಾಗಿಲು ರಸ್ತೆಯ ಮಟ್ಟದಲ್ಲೇ ಇರುತ್ತದೆ, ಮೆಟ್ಟಿಲಿಳಿಯುವ ಪ್ರಮೇಯ ಕಡಿಮೆ. ಗೋಡೆಯ ಮೇಲೆ ಕೊರೆಯುವ ಯಂತ್ರದ ಹಲ್ಲುಗಳು ಬಿಟ್ಟ ಸುತ್ತುಸುತ್ತಿನ ಗೆರೆಗಳು, ಕೆಂಪು ಮತ್ತು ಕೆನೆ ಬಣ್ಣದ ಮರಳುಗಲ್ಲಿನ ಪದರಗಳು ಕಾಣುತ್ತವೆ. ಪುಡಿ ಉದುರದಂತೆ ಮೇಲೊಂದು ಪಾರದರ್ಶಕ ಲೇಪ ಹಚ್ಚಿರುತ್ತಾರೆ. ಗಾಳಿಗೆ ಚಾವಣಿಯಿಂದ ಮೇಲಕ್ಕೆ ಕೊಳವೆ ಇರುತ್ತದೆ. ಮುಚ್ಚಿದ ಜಾಗದಲ್ಲಿ ಉಸಿರು ಕಟ್ಟಿದಂತಾಗುವ ಸ್ವಭಾವ ನಿಮ್ಮದಾದರೆ ಬಾಗಿಲಿಗೆ ಹತ್ತಿರದ ಕೋಣೆ ಕೇಳಿ ಪಡೆಯಿರಿ.

ದೀಪ ಆರಿಸಿದ ಕ್ಷಣಕ್ಕೆ ಮಾತ್ರ ಮನಸ್ಸು ಸಿದ್ಧವಿರಲಿ. ಕಿಟಕಿ ಇಲ್ಲದ ಆ ಕತ್ತಲು ನಮ್ಮ ಮನೆಗಳ ಕತ್ತಲಿನಂಥದಲ್ಲ. ಕಣ್ಣು ತೆರೆದರೂ ಮುಚ್ಚಿದರೂ ಒಂದೇ. ಸದ್ದಿಲ್ಲ, ಬೆಳಗಾದ ಸುಳಿವಿಲ್ಲ. ಮೊದಲ ರಾತ್ರಿ ನಾನು ಕೈಗೆ ಸಿಗುವಂತೆ ಟಾರ್ಚು ಇಟ್ಟುಕೊಂಡು ಮಲಗಿದೆ. ಎರಡನೆಯ ರಾತ್ರಿ ಬಂದ ನಿದ್ದೆ ಬಾಲ್ಯದ ನಂತರ ಬಂದದ್ದೇ ಇಲ್ಲ. ಬೆಳಗ್ಗೆ ಏಳಲು ಅಲಾರಂ ಇಡುವುದನ್ನು ಮರೆಯಬೇಡಿ.

ಸ್ನಾನಕ್ಕೆ ನಿಂತಾಗ ಒಂದು ನೆನಪಿರಲಿ. ಇಲ್ಲಿನ ನೀರು ಊರಿನಿಂದ ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರ್ ಆಚೆಯ ಕೊಳವೆಬಾವಿಯಿಂದ ಬಂದು, ಉಪ್ಪು ಸೋಸಿಕೊಂಡು ನಲ್ಲಿ ಸೇರುತ್ತದೆ. ವರ್ಷವಿಡೀ ಬೀಳುವ ಮಳೆ ಬೆಂಗಳೂರಿನಲ್ಲಿ ಒಂದು ಸೆಪ್ಟೆಂಬರ್ ತಿಂಗಳಲ್ಲಿ ಬೀಳುವಷ್ಟೂ ಇಲ್ಲ.

ಕುಣಿಗಳು: ಇದೊಂದನ್ನು ಎರಡು ಸಲ ಓದಿ

ಊರಿನ ಸುತ್ತ ಲಕ್ಷಾಂತರ ಗಣಿಕುಣಿಗಳಿವೆ. ಒಂದೊಂದೂ ಸುಮಾರು ಒಂದು ಮೀಟರ್ ಅಗಲ, ಹತ್ತಿಪ್ಪತ್ತು ಮೀಟರ್ ಅಥವಾ ಅದಕ್ಕೂ ಮಿಕ್ಕಿ ಆಳ. ಬಾಯಿಗೆ ಕಟ್ಟೆ ಇಲ್ಲ, ಬೇಲಿ ಇಲ್ಲ, ಮುಚ್ಚಳ ಇಲ್ಲ. ನಮ್ಮ ಕೋಲಾರದ ಚಿನ್ನದ ಗಣಿಯಂತೆ ಇಲ್ಲಿ ಒಂದು ಕಂಪನಿ, ಕೆಲವು ದೊಡ್ಡ ಬಾವಿಗಳು ಎಂಬ ವ್ಯವಸ್ಥೆ ಬೆಳೆಯಲಿಲ್ಲ. ಒಬ್ಬನೋ ಇಬ್ಬರೋ ಪರವಾನಗಿ ಪಡೆದು, ನಾಲ್ಕು ಮೂಲೆಗೆ ಗೂಟ ನೆಟ್ಟು, ತಮ್ಮ ತುಂಡು ನೆಲದಲ್ಲಿ ಅದೃಷ್ಟ ಪರೀಕ್ಷಿಸಿ, ಸಿಗದಿದ್ದರೆ ಪಕ್ಕದಲ್ಲಿ ಇನ್ನೊಂದು ಕುಣಿ ತೋಡುತ್ತಾರೆ. ನೂರು ವರ್ಷ ಹೀಗೆ ನಡೆದರೆ ನೆಲ ಜರಡಿಯಾಗದೆ ಇರುತ್ತದೆಯೇ?

ಹೆದ್ದಾರಿಯ ಪಕ್ಕದ ಎಚ್ಚರಿಕೆ ಫಲಕದಲ್ಲಿ ಕುಣಿಗೆ ಬೀಳುತ್ತಿರುವ ಮನುಷ್ಯನ ಚಿತ್ರವಿದೆ. ಓಡಬೇಡಿ, ಹಿಮ್ಮುಖವಾಗಿ ನಡೆಯಬೇಡಿ ಎಂದು ಬರೆದಿದ್ದಾರೆ. ಎರಡನೆಯ ಮಾತು ಫೋಟೊ ತೆಗೆಯುವವರಿಗೆ. 'ಇನ್ನೂ ಸ್ವಲ್ಪ ಹಿಂದೆ, ಇನ್ನೂ ಸ್ವಲ್ಪ' ಎಂದು ಕುಟುಂಬದವರು ಹಿಂದೆ ಸರಿಯುವ ಅಭ್ಯಾಸ ನಮ್ಮಲ್ಲಿ ಎಲ್ಲರಿಗೂ ಇದೆ. ಗಣಿ ಬಯಲಿನಲ್ಲಿ ಅದನ್ನು ಬಿಟ್ಟುಬಿಡಿ. ಮಕ್ಕಳ ಕೈ ಹಿಡಿದೇ ಇರಿ. ಕುಣಿಯೊಳಗೆ ಇಣುಕಬೇಡಿ, ಅಂಚಿನ ಮಣ್ಣು ಸಡಿಲವಾಗಿರುತ್ತದೆ. ಕತ್ತಲಾದ ಮೇಲೆ ಗಣಿ ಬಯಲಿಗೆ ಹೋಗುವುದೇ ಬೇಡ. ಹಗಲಲ್ಲೂ ಗಣಿ ಪ್ರದೇಶವನ್ನು ಸ್ಥಳೀಯ ಮಾರ್ಗದರ್ಶಕರ ವಾಹನದಲ್ಲಿ ನೋಡುವುದೇ ಸರಿ.

ಮೊದಲ ಹಗಲು ಊರಿನೊಳಗೆ

ಬೆಳಗ್ಗೆ ಉಮೂನಾ ಗಣಿ ಮತ್ತು ವಸ್ತುಸಂಗ್ರಹಾಲಯದಿಂದ ಶುರುಮಾಡಿ. 'ಉಮೂನಾ' ಎಂಬುದು ಇಲ್ಲಿನ ಮೂಲನಿವಾಸಿಗಳ ಮಾತು, ದೀರ್ಘಾಯುಸ್ಸು ಎಂದು ಅರ್ಥ. ಓಪಲ್ ಹೇಗೆ ಹುಟ್ಟಿತು ಎಂಬುದನ್ನು ಇಲ್ಲಿ ತಿಳಿದುಕೊಂಡು ಮುಂದೆ ಹೋದರೆ ಉಳಿದದ್ದೆಲ್ಲ ತೆರೆದುಕೊಳ್ಳುತ್ತದೆ. ಹತ್ತು ಕೋಟಿ ವರ್ಷಗಳಿಗೂ ಹಿಂದೆ ಈ ಮರುಭೂಮಿಯ ಮೇಲೆ ಒಂದು ಸಮುದ್ರವಿತ್ತು. ಅದು ಹಿಂದೆ ಸರಿದ ಮೇಲೆ ಕಲ್ಲು ಶಿಥಿಲವಾಗಿ, ಅದರೊಳಗಿನ ಸಿಲಿಕಾ ನೀರಿನಲ್ಲಿ ಕರಗಿ, ಬಿರುಕುಗಳಿಗೆ ಇಳಿದು, ಬಹಳ ನಿಧಾನವಾಗಿ ಹೆಪ್ಪುಗಟ್ಟಿತು. ಕೆಲವೆಡೆ ಚಿಪ್ಪುಗಳ ಮತ್ತು ಸಮುದ್ರಸರೀಸೃಪಗಳ ಮೂಳೆಗಳ ಜಾಗವನ್ನೇ ಓಪಲ್ ತುಂಬಿಕೊಂಡಿತು. ಹಾಗೆ ಓಪಲ್ ಆಗಿ ಹೋದ ಒಂದು ಪ್ರಾಣಿಯ ಅಸ್ಥಿಪಂಜರ 1987ರಲ್ಲಿ ಈ ಊರಿನಲ್ಲೇ ಸಿಕ್ಕಿ, 'ಎರಿಕ್' ಎಂಬ ಮುದ್ದು ಹೆಸರು ಪಡೆದು, ಈಗ ಸಿಡ್ನಿಯ ಆಸ್ಟ್ರೇಲಿಯನ್ ಮ್ಯೂಸಿಯಂನಲ್ಲಿದೆ. ಅದರ ವೈಜ್ಞಾನಿಕ ಹೆಸರು ಉಮೂನಾಸಾರಸ್.

ಬಣ್ಣದ ಗುಟ್ಟು 1960ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ಬಯಲಾಯಿತು. ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾ ಗುಂಡುಗಳು, ಅಂಗಡಿಯವನು ಜೋಡಿಸಿಟ್ಟ ಕಿತ್ತಳೆ ಹಣ್ಣುಗಳಂತೆ, ಒಂದೇ ಗಾತ್ರದಲ್ಲಿ ಸಾಲಾಗಿ ಕುಳಿತಿದ್ದರೆ ಬೆಳಕು ಒಡೆದು ಬಣ್ಣವಾಗುತ್ತದೆ. ಗುಂಡುಗಳು ಅಡ್ಡಾದಿಡ್ಡಿಯಾಗಿದ್ದರೆ ಬಣ್ಣವಿಲ್ಲ. ಅಂಥ ಬಣ್ಣವಿಲ್ಲದ ಓಪಲನ್ನು ಗಣಿಗಾರರು 'ಪಾಚ್' ಎನ್ನುತ್ತಾರೆ. ಅವರ ಕುಣಿಗಳಿಂದ ಬರುವುದರಲ್ಲಿ ಬಹುಪಾಲು ಪಾಚೇ.

ಅಲ್ಲಿಂದ ಓಲ್ಡ್ ಟೈಮರ್ಸ್ ಗಣಿಗೆ ಹೋಗಿ. 1916ರಷ್ಟು ಹಿಂದೆ ಕೈಯಿಂದ ತೋಡಿದ ಸುರಂಗಗಳು ಅವು. ತಲೆಗೆ ಹೆಲ್ಮೆಟ್ ಕೊಡುತ್ತಾರೆ, ಎತ್ತರದವರಿಗೆ ಅದು ಆಗಾಗ ಕೆಲಸಕ್ಕೆ ಬರುತ್ತದೆ. ಗೋಡೆಯಲ್ಲಿ ತೆಗೆಯದೆ ಬಿಟ್ಟ ಓಪಲ್ ಎಳೆಗಳನ್ನು ದೀಪದ ಬೆಳಕಿನಲ್ಲಿ ನೋಡಬಹುದು. ಮಧ್ಯಾಹ್ನ ಫೇ ನೇಲರ್ ಎಂಬ ಮಹಿಳೆ 1960ರ ದಶಕದಲ್ಲಿ ಇಬ್ಬರು ಗೆಳತಿಯರೊಂದಿಗೆ ಗುದ್ದಲಿ, ಸಲಿಕೆ ಹಿಡಿದು ಕೊರೆದ ಮನೆ ನೋಡಿ. ಮೂವರು ಹೆಂಗಸರು, ಬರಿಗೈ ದುಡಿಮೆ. ಆ ಗೋಡೆಯ ಮೇಲೆ ಕೈಯಿಟ್ಟಾಗ ನನಗೆ ನಿಜಕ್ಕೂ ಗೌರವ ಮೂಡಿತು.

ಸರ್ಬಿಯನ್ ಆರ್ಥಡಾಕ್ಸ್ ಚರ್ಚನ್ನು ತಪ್ಪಿಸಬೇಡಿ. 1993ರಲ್ಲಿ ಕಲ್ಲಿನೊಳಗೆ ಕಡೆದ ದೇಗುಲ ಅದು. ಎರಡನೆಯ ಮಹಾಯುದ್ಧದ ನಂತರ ಯುರೋಪಿನ ಹಲವು ದೇಶಗಳಿಂದ ಹೊಸ ಬದುಕು ಹುಡುಕಿ ಬಂದವರು ಈ ಗಣಿಗಳಲ್ಲಿ ದುಡಿದರು. ಅವರ ಭಕ್ತಿ ಇಲ್ಲಿ ಕಲ್ಲಿಗೆ ಇಳಿದಿದೆ. ಬಾದಾಮಿಯ ಗುಹೆಗಳನ್ನು ಕಂಡ ಕಣ್ಣಿಗೆ ಆ ಕಮಾನಿನ ಚಾವಣಿ, ಗೋಡೆಯ ಸಂತರ ಉಬ್ಬುಚಿತ್ರಗಳು ದೂರದ ನಂಟರಂತೆ ಕಾಣುತ್ತವೆ. ಒಳಗೆ ಮೆಲುದನಿಯಲ್ಲಿ ಮಾತಾಡಿ, ಕಾಣಿಕೆ ಡಬ್ಬಿಗೆ ಕೈಲಾದಷ್ಟು ಹಾಕಿ.

ಸಂಜೆಗೆ ಬಿಗ್ ವಿಂಚ್ ಗುಡ್ಡ ಹತ್ತಿ. ಗುಡ್ಡದ ಮೇಲೆ ಗುಜರಿ ಕಬ್ಬಿಣದಲ್ಲಿ ಬೆಸೆದ ಒಂದು ಮರವಿದೆ. ಊರಿನ ಮೊದಲ ಮರವೆಂದು ಅದನ್ನೇ ತೋರಿಸುತ್ತಾರೆ. ಹುಲ್ಲಿನ ಎಸಳೂ ಇಲ್ಲದ ಗಾಲ್ಫ್ ಮೈದಾನವೂ ಊರಲ್ಲಿದೆ. ಬೇಸಿಗೆಯಲ್ಲಿ ಹೊಳೆಯುವ ಚೆಂಡು ಹಿಡಿದು ರಾತ್ರಿ ಆಡುತ್ತಾರೆ.

ಗುಪ್ಪೆ ಕೆದಕುವ ವಿದ್ಯೆ

ಗಣಿಯಿಂದ ಹೊರಹಾಕಿದ ಮಣ್ಣಿನಲ್ಲಿ ಕಣ್ತಪ್ಪಿದ ಓಪಲ್ ಹುಡುಕುವುದನ್ನು ಇಲ್ಲಿ 'ನೂಡ್ಲಿಂಗ್' ಎನ್ನುತ್ತಾರೆ. ಬೇರೆಯವರ ಗೂಟ ನೆಟ್ಟ ಜಾಗದಲ್ಲಿ ಕೆದಕಿದರೆ ಅದು ಕಳ್ಳತನ, ಊರಿನವರು ಅದನ್ನು ಬಹಳ ಗಂಭೀರವಾಗಿ ಕಾಣುತ್ತಾರೆ. ಆದರೆ ಊರೊಳಗೇ, ಜ್ಯುವೆಲರ್ಸ್ ಶಾಪ್ ರಸ್ತೆಯಲ್ಲಿ, ಸಾರ್ವಜನಿಕರಿಗೆಂದೇ ಬಿಟ್ಟ ಜಾಗವಿದೆ. ಅಲ್ಲಿ ಯಾರ ಅಪ್ಪಣೆಯೂ ಬೇಡ, ಶುಲ್ಕವೂ ಇಲ್ಲ, ಸಿಕ್ಕಿದ್ದು ನಿಮ್ಮದೇ.

ಬೆಳಗಿನ ಹೊತ್ತು ಹೋಗಿ, ಸೂರ್ಯ ಬೆನ್ನಿಗಿರುವಂತೆ ಮಂಡಿಯೂರಿ ಕುಳಿತುಕೊಳ್ಳಿ. ಕೈಗುದ್ದಲಿಯಿಂದ ಮೇಲಿನ ಅರ್ಧ ಅಡಿ ಮಣ್ಣು ಕೆದಕಿ, ಜರಡಿಗೆ ಹಾಕಿ, ಮೇಲುಳಿದ ಚೂರುಗಳಿಗೆ ನೀರು ಚಿಮುಕಿಸಿ. ಧೂಳು ತೊಳೆದುಹೋದಾಗ ಬಣ್ಣವಿದ್ದರೆ ಮಿಂಚುತ್ತದೆ. ಮಳೆ ಬಿದ್ದ ಮರುದಿನ ಸಿಕ್ಕಿದರೆ ಅದೇ ಯೋಗ, ಮಳೆಯೇ ಆ ಕೆಲಸ ಮಾಡಿಟ್ಟಿರುತ್ತದೆ. ಫಳಫಳ ಹೊಳೆಯುವ ಪದರ ಪದರದ ಚೂರು ಕಂಡು ಕುಣಿದಾಡಬೇಡಿ, ಅದು ಜಿಪ್ಸಂ. ಉಗುರಿನಿಂದ ಗೀರಿ ನೋಡಿ. ಗೆರೆ ಬಿದ್ದರೆ ಜಿಪ್ಸಂ, ಬೀಳದಿದ್ದರೆ ಇಟ್ಟುಕೊಳ್ಳಿ. ಹಾಲುಬಿಳುಪಿನ ಅಥವಾ ಬೂದು ಬಣ್ಣದ, ಗಾಜಿನಂತೆ ಒಡೆದ ಅಂಚಿನ ಚೂರು ಪಾಚ್ ಆಗಿರಬಹುದು. ಅದರ ಅಂಚನ್ನು ಸುತ್ತ ತಿರುಗಿಸಿ ನೋಡಿ, ಪಾಚ್‌ನ ಬದಿಯಲ್ಲೇ ಬಣ್ಣದ ಎಳೆ ಅಂಟಿಕೊಂಡಿರುವುದುಂಟು.

ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಆಟ ಆ ಊರಿನಲ್ಲಿಲ್ಲ. ಸಮಾಧಾನವಿರುವ ಅಜ್ಜ ಅಜ್ಜಿಯರಿಗೂ ಅಷ್ಟೇ. 1946ರಲ್ಲಿ ಟಾಟಿ ಬ್ರಯಂಟ್ ಎಂಬ ಮೂಲನಿವಾಸಿ ಮಹಿಳೆ 'ಎಂಟು ಮೈಲಿ' ಬಯಲಿನಲ್ಲಿ ಓಪಲ್ ಕಂಡು, ಸೋತು ಮಲಗಿದ್ದ ಊರನ್ನು ಎಬ್ಬಿಸಿದರು. ಹತ್ತು ವರ್ಷದ ನಂತರ ಅದೇ ಬಯಲಿನಲ್ಲಿ 17,000 ಕ್ಯಾರೆಟ್ ತೂಕದ ಓಪಲ್ ಸಿಕ್ಕಿತು. ಆ ವರ್ಷ ಮೆಲ್ಬರ್ನ್‌ನಲ್ಲಿ ಒಲಿಂಪಿಕ್ಸ್ ನಡೆದದ್ದರಿಂದ ಅದಕ್ಕೆ 'ಒಲಿಂಪಿಕ್ ಆಸ್ಟ್ರಾಲಿಸ್' ಎಂದು ಹೆಸರಿಟ್ಟರು.

ಓಪಲ್ ಕೊಳ್ಳುವವರಿಗೆ

'ಓಪಲ್' ಎಂಬ ಹೆಸರು ನಮ್ಮ 'ಉಪಲ'ದಿಂದ ಹೋದದ್ದೆಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಸಂಸ್ಕೃತದಲ್ಲಿ ಉಪಲವೆಂದರೆ ಕಲ್ಲು. ನಮ್ಮಲ್ಲಿ ಶುಕ್ರಗ್ರಹಕ್ಕೆಂದು ವಜ್ರದ ಬದಲು ಓಪಲ್ ಉಂಗುರ ಧರಿಸುವವರು ಬಹಳ ಮಂದಿ. ಹಾಗಾಗಿ ಕನ್ನಡ ಪ್ರವಾಸಿಗರು ಇಲ್ಲಿ ಏನನ್ನು ಕೊಳ್ಳದಿದ್ದರೂ ಒಂದು ಓಪಲ್ ಕೊಳ್ಳುತ್ತಾರೆ. ಕೊಳ್ಳುವ ಮೊದಲು ಮೂರು ಪದ ಕಲಿಯಬೇಕು.

ಸಾಲಿಡ್ ಎಂದರೆ ಪೂರ್ತಿ ಒಂದೇ ಓಪಲ್. ಡಬ್ಲೆಟ್ ಎಂದರೆ ತೆಳು ಓಪಲ್ ಪದರದ ಹಿಂದೆ ಕಪ್ಪು ಕಲ್ಲು ಅಥವಾ ಪಾಚ್ ಅಂಟಿಸಿದ್ದು. ಟ್ರಿಪ್ಲೆಟ್‌ನಲ್ಲಿ ಇವೆರಡರ ಮೇಲೆ ಸ್ಫಟಿಕ ಅಥವಾ ಗಾಜಿನ ಗುಮ್ಮಟವೊಂದು ಬೇರೆ. ಡಬ್ಲೆಟ್, ಟ್ರಿಪ್ಲೆಟ್‌ಗಳು ಮೋಸದ ಮಾಲಲ್ಲ, ಹಾಗೆಂದು ಹೇಳಿಯೇ ಕಡಿಮೆ ಬೆಲೆಗೆ ಮಾರುತ್ತಾರೆ, ಓಲೆಗೆ ಪದಕಕ್ಕೆ ಚೆನ್ನಾಗಿಯೂ ಇರುತ್ತವೆ. ಆದರೆ ದಿನಕ್ಕೆ ಹತ್ತು ಸಲ ಕೈತೊಳೆಯುವ ಬೆರಳಿನ ಉಂಗುರಕ್ಕೆ ಅವು ಬೇಡ. ಅಂಟಿನೊಳಗೆ ನೀರು ಸೇರಿ ಕಲ್ಲು ಮಸುಕಾಗುತ್ತದೆ. ಕಟ್ಟಿಲ್ಲದ ಬಿಡಿ ಕಲ್ಲನ್ನೇ ಮೊದಲು ಕೇಳಿ, ಪಕ್ಕದಿಂದ ನೋಡಿ. ಗೀಟು ಎಳೆದಂತೆ ನೇರವಾದ ಕೂಡುಗೆರೆ ಕಂಡರೆ ಅದು ಅಂಟಿಸಿದ್ದು. ಬಂಗಾರದ ತಟ್ಟೆಯೊಳಗೆ ಹಿಂಬದಿ ಮುಚ್ಚಿ ಕೂರಿಸಿದ ಕಲ್ಲಿನಲ್ಲಿ ಈ ಪರೀಕ್ಷೆ ಸಾಧ್ಯವಿಲ್ಲ.

ಬಿಸಿಲಿನಲ್ಲಿ, ನೆರಳಿನಲ್ಲಿ, ಕೋಣೆಯ ಮಂದ ಬೆಳಕಿನಲ್ಲಿ, ಹೀಗೆ ಮೂರು ಕಡೆ ನೋಡಿ. ಅಂಗಡಿಯ ಪ್ರಖರ ದೀಪದ ಕೆಳಗೆ ಎಲ್ಲ ಓಪಲೂ ಚೆಲುವೆಯೇ. ನೆರಳಿನಲ್ಲೂ ಬಣ್ಣ ಬಿಟ್ಟುಕೊಡದ ಕಲ್ಲು ಒಳ್ಳೆಯದು. ಕೆಂಪು ಅಪರೂಪ, ಹಾಗಾಗಿ ದುಬಾರಿ. ನೀಲಿ ಹಸಿರು ಹೆಚ್ಚು. ಕೂಬರ್ ಪೀಡಿಯ ವೈಶಿಷ್ಟ್ಯ ಬಿಳಿಮೈಯ ಓಪಲ್. ಪ್ರಸಿದ್ಧ ಕರಿ ಓಪಲ್ ಬೇಕಿದ್ದರೆ ಅದರ ತವರು ನ್ಯೂ ಸೌತ್ ವೇಲ್ಸ್‌ನ ಲೈಟ್ನಿಂಗ್ ರಿಡ್ಜ್. ಬೆಲೆಯನ್ನು ಕ್ಯಾರೆಟ್ ಲೆಕ್ಕದಲ್ಲಿ ಕೇಳಿ, ಮೂರು ನಾಲ್ಕು ಅಂಗಡಿ ಸುತ್ತಿ, ಒಂದು ರಾತ್ರಿ ಕಳೆದು, ಮರುದಿನ ಕೊಳ್ಳಿ. ಎರಡು ರಾತ್ರಿ ಉಳಿಯಿರಿ ಎಂದದ್ದಕ್ಕೆ ಇದೂ ಒಂದು ಕಾರಣ.

ನಮ್ಮೂರಿನ ಅಂಗಡಿಗಳಲ್ಲಿ ಇನ್ನೂ ಅಗ್ಗಕ್ಕೆ ಹೊಳೆಯುವ ಓಪಲ್ ಕಂಡಿದ್ದೇವಲ್ಲ ಎಂದು ಕೇಳುವವರುಂಟು. ಅದು ಇಥಿಯೋಪಿಯಾದಿಂದ ಬಂದು ಜೈಪುರದಲ್ಲಿ ಸಾಣೆ ಹಿಡಿದದ್ದಾಗಿರುವ ಸಾಧ್ಯತೆ ಹೆಚ್ಚು. ಅದೂ ನಿಜವಾದ ಓಪಲ್, ಸುಂದರವೂ ಹೌದು. ಆದರೆ ಅದರಲ್ಲಿ ಹೆಚ್ಚಿನವು ನೀರು ಹೀರುತ್ತವೆ, ಆಗ ಬಣ್ಣ ಕುಂದುತ್ತದೆ. ಕೂಬರ್ ಪೀಡಿಯ ಸಾಲಿಡ್ ಹಾಗಲ್ಲ. ಎಣ್ಣೆಯಲ್ಲಿ ಅದ್ದಿಡಬೇಕು ಎಂಬ ಮಾತನ್ನು ನಂಬಬೇಡಿ. ಉಗುರುಬೆಚ್ಚಗಿನ ನೀರು, ಮೆತ್ತನೆಯ ಬಟ್ಟೆ ಸಾಕು. ಕಲ್ಲು ಸ್ವಲ್ಪ ಮೃದು, ಪೆಟ್ಟು ಮತ್ತು ಹಠಾತ್ ಬಿಸಿಯಿಂದ ಕಾಪಾಡಿ.

ಬಿಲ್ಲಿನಲ್ಲಿ 'ಸಾಲಿಡ್' ಎಂಬ ಪದ, ತೂಕ, ಗಣಿಯ ಹೆಸರು ಬರೆಸಿಕೊಳ್ಳಿ. ಒಂದೇ ವ್ಯಾಪಾರಿಯಿಂದ 300 ಡಾಲರ್ ಅಥವಾ ಅದಕ್ಕಿಂತ ಹೆಚ್ಚು ಕೊಂಡು, 60 ದಿನದೊಳಗೆ ದೇಶ ಬಿಡುವವರು ವಿಮಾನ ನಿಲ್ದಾಣದಲ್ಲಿ ತೆರಿಗೆ ಮರಳಿ ಕೇಳಬಹುದು. ಒಡವೆಯನ್ನು ಕೈಚೀಲದಲ್ಲಿಡಿ. ಅದೇ ಬಿಲ್ಲು ನಮ್ಮ ಕಸ್ಟಮ್ಸ್‌ನಲ್ಲೂ ಬೇಕಾಗುತ್ತದೆ.

ಎರಡನೆಯ ಸಂಜೆ: ಕಂಕು

ಊರಿನಿಂದ ಸುಮಾರು 30 ಕಿಲೋಮೀಟರ್ ಉತ್ತರಕ್ಕೆ ಕಂಕು ಬ್ರೇಕವೇಸ್ ಸಂರಕ್ಷಿತ ಪ್ರದೇಶವಿದೆ. ಬಿಳಿ, ಹಳದಿ, ಕಾವಿ ಬಣ್ಣದ ಚಪ್ಪಟೆ ತಲೆಯ ಗುಡ್ಡಗಳು ಬಯಲಿನಿಂದ ಮುರಿದು ಬೇರೆಯಾಗಿ ನಿಂತಂತೆ ಕಾಣುತ್ತವೆ. ಇದು ಅಂತಕಿರಿಂಜ ಮಾತು-ಯಾಂಕುನಿಟ್ಜಾಟ್ಜಾರ ಜನರ ಪವಿತ್ರ ನೆಲ. ಈ ಸೀಮೆಯ ಮೇಲೆ ಅವರ ಹಕ್ಕನ್ನು ನ್ಯಾಯಾಲಯ 2011ರಲ್ಲಿ ಮಾನ್ಯ ಮಾಡಿತು. ಒಳಹೋಗಲು ಅನುಮತಿ ಚೀಟಿ ಬೇಕು, ಊರಿನಲ್ಲೇ ಕೊಂಡುಕೊಳ್ಳಿ. ಗುರುತು ಮಾಡಿದ ದಾರಿ ಬಿಟ್ಟು ಗುಡ್ಡ ಹತ್ತಬೇಡಿ, ಕಲ್ಲು ಎತ್ತಿಕೊಂಡು ಬರಬೇಡಿ.

ಒಳಗಿನದು ಮಣ್ಣುರಸ್ತೆ. ಕರಾರುಪತ್ರದ ಆ ಸಾಲು ಈಗ ನೆನಪಾಗಬೇಕು. ಬಾಡಿಗೆ ಕಾರಿಗೆ ಅವಕಾಶವಿಲ್ಲದಿದ್ದರೆ ಊರಿನಿಂದ ಹೊರಡುವ ಮಾರ್ಗದರ್ಶಿ ವಾಹನ ಹಿಡಿಯಿರಿ. ಮಳೆ ಬಂದರೆ ರಸ್ತೆ ಮುಚ್ಚುತ್ತಾರೆ. ದಾರಿಯಲ್ಲಿ ನಾಯಿಬೇಲಿ ಕಾಣುತ್ತದೆ. ಡಿಂಗೊ ಕಾಡುನಾಯಿಗಳಿಂದ ಕುರಿಗಳನ್ನು ಕಾಯಲು ಕಟ್ಟಿದ, 5,000 ಕಿಲೋಮೀಟರಿಗೂ ಉದ್ದದ ತಂತಿಬೇಲಿ. ಸೂರ್ಯ ಮುಳುಗುವ ಒಂದು ಗಂಟೆ ಮೊದಲು ನೋಟದ ಕಟ್ಟೆ ಸೇರಿ. ಗುಡ್ಡಗಳ ಬಣ್ಣ ನಿಮಿಷ ನಿಮಿಷಕ್ಕೂ ಬದಲಾಗುತ್ತದೆ. ನಾನಿದ್ದ ಸಂಜೆ ಗಾಳಿಯೂ ಬೀಸಲಿಲ್ಲ, ಯಾರೂ ಮಾತಾಡಲಿಲ್ಲ. ಕಾಂಗರೂಗಳ ಹೊತ್ತು ಅದೇ ಆದ್ದರಿಂದ ಮರಳುವಾಗ ಗಂಟೆಗೆ ಐವತ್ತು ಕಿಲೋಮೀಟರಿಗಿಂತ ಮೇಲೆ ಹೋಗಬೇಡಿ. ಅಷ್ಟೂ ಧೈರ್ಯವಿಲ್ಲದಿದ್ದರೆ ಸೂರ್ಯೋದಯಕ್ಕೆ ಹೋಗುವ ಮಾರ್ಗದರ್ಶಿ ಪ್ರವಾಸ ಆರಿಸಿಕೊಳ್ಳಿ.

ಹೊರಡುವ ದಿನ

ಬೆಳಗ್ಗೆ ಎಂಟರ ನಂತರ ಹೊರಡಿ. ಟೈರ್, ಪೆಟ್ರೋಲ್, ನೀರು ನೋಡಿಕೊಳ್ಳಿ. ಯಾವ ಕಡೆಗೆ ಹೊರಟಿದ್ದೀರಿ, ಎಷ್ಟು ಹೊತ್ತಿಗೆ ತಲುಪುತ್ತೀರಿ ಎಂದು ಮನೆಯವರಿಗೊಂದು ಸಂದೇಶ ಕಳುಹಿಸಿ, ಏಕೆಂದರೆ ಊರು ದಾಟಿದ ಸ್ವಲ್ಪ ಹೊತ್ತಿಗೇ ಮೊಬೈಲ್ ಮೌನವಾಗುತ್ತದೆ. ಉತ್ತರಕ್ಕೆ ಹೋಗುವವರಿಗೆ ಮಾರ್ಲಾ ಸುಮಾರು 235 ಕಿಲೋಮೀಟರ್, ಆಲಿಸ್ ಸ್ಪ್ರಿಂಗ್ಸ್ 690ರ ಆಸುಪಾಸು.

ಗುಪ್ಪೆಯಲ್ಲಿ ಆಯ್ದ ಪಾಚ್ ಚೂರುಗಳನ್ನು ಹೋಟೆಲಿನ ಬಕೆಟ್ಟಿನಲ್ಲಿ ಚೆನ್ನಾಗಿ ತೊಳೆದು, ಮಣ್ಣು ಪೂರ್ತಿ ಬಿಡಿಸಿ, ಒಣಗಿಸಿ ಕಟ್ಟಿಕೊಳ್ಳಿ. ಬಣ್ಣವಿಲ್ಲವೆಂದು ಎಸೆಯುವ ಮೊದಲು ಮತ್ತೊಮ್ಮೆ ಒದ್ದೆ ಮಾಡಿ ಬಿಸಿಲಿಗೆ ಹಿಡಿಯಿರಿ. ನಾನು ತಂದ ಏಳು ಚೂರುಗಳಲ್ಲಿ ಒಂದರ ಅಂಚಿನಲ್ಲಿ ಕೂದಲೆಳೆಯಷ್ಟು ತೆಳುವಾದ ಹಸಿರು ಗೆರೆ ಇರುವುದು ಕಂಡದ್ದು ಮನೆಗೆ ಬಂದು ಮೂರು ವಾರವಾದ ಮೇಲೆ, ಹಿತ್ತಲಿನ ನಲ್ಲಿಯ ಕೆಳಗೆ.